ಹಾವಿಗೆ ಹೊದಿಸಿದ ಶಾಲು

ಕಲ್ಲಪ್ಪನ ಮನೆಯಲ್ಲಿ ಮಣ್ಣು ನೋಡಬೇಕೆಂದರೆ ಅವನ ಚಪ್ಪಲಿಯ ತಳವನ್ನೇ ನೋಡಬೇಕಿತ್ತು. ತುಕ್ಕಾನಟ್ಟಿಯಿಂದ ಕೂಗಳತೆಯಲ್ಲಿದ್ದ ಆ ಊರಿನಲ್ಲಿ ಎಲ್ಲರ ಮನೆಗೂ ಹಿತ್ತಲಿದ್ದರೆ ಕಲ್ಲಪ್ಪನ ಮನೆಗೆ ಮಾತ್ರ ಟೈಲ್ಸ್ ಇತ್ತು. ಅಪ್ಪ ನೆಟ್ಟ ಬೇವಿನ ಮರ ಕಡಿಸಿ, ಅದರ ಬೊಡ್ಡೆಯ ಮೇಲೆ ಕಾಂಕ್ರೀಟು ಸುರಿಸಿ, ಕಾಂಕ್ರೀಟಿನ ಮೇಲೆ ಟೈಲ್ಸು ಕೂರಿಸಿ, ಅದನ್ನು ದಿನಾ ಫಿನಾಯಿಲು ಹಾಕಿ ಒರೆಸಿಸುತ್ತಿದ್ದ. ಕೇಳಿದವರಿಗೆ "ಮನಷ್ಯಾಗ ಸ್ವಚ್ಛತಾ ಬೇಕ್ರಿ" ಎನ್ನುತ್ತಿದ್ದ. ಖರೆ ಸಂಗತಿ ಗೊತ್ತಿದ್ದದ್ದು ಹೆಂಡತಿ ಪಾರವ್ವನಿಗೆ. ಐವತ್ತೈದು ದಾಟಿದ, ಮೀಸೆ ಹುರಿ ಮಾಡುವ, ಊರಿನ ಸಹಕಾರಿ ಸೊಸೈಟಿಯ ಮೀಟಿಂಗಿನಲ್ಲಿ ಮೇಜು ಗುದ್ದಿ ಮಾತಾಡುವ ಈ ಗಂಡಸಿಗೆ ಹರಿದಾಡುವ ಯಾವ ಜೀವ ಕಂಡರೂ ಕೈಕಾಲು ತಣ್ಣಗಾಗುತ್ತಿದ್ದವು. ಬಚ್ಚಲಲ್ಲಿ ಹಲ್ಲಿ ಕಂಡ ದಿನ ಅವನು ಸ್ನಾನವನ್ನೇ ಮುಂದಕ್ಕೆ ಹಾಕುತ್ತಿದ್ದ.

ಹಾಗಂತ ಹಲ್ಲಿಯ ಮೇಲೆ ಅವನಿಗೆ ನಂಬಿಕೆ ಇರಲಿಲ್ಲ ಎನ್ನುವಂತಿಲ್ಲ. "ಈ ಸಲ ಅಧ್ಯಕ್ಷ ನಾನ" ಎಂದು ಅವನು ಹೇಳುವಾಗ ಗೋಡೆಯ ಹಲ್ಲಿ ಲೊಚಗುಟ್ಟಿದರೆ, "ಕೇಳಿದ್ರಿಲ್ಲ, ಖರೆ ಅಂತು" ಎಂದು ಬೆರಳಿನಿಂದ ನೆಲ ಬಡಿಯುತ್ತಿದ್ದ. ಅದೇ ಹಲ್ಲಿ ಎರಡು ಗೇಣು ಕೆಳಗಿಳಿದರೆ ಎದ್ದು ಹೊರಗೆ ಹೋಗುತ್ತಿದ್ದ. ಹಲ್ಲಿಯ ಮಾತು ಬೇಕು, ಹಲ್ಲಿ ಬೇಡ. ಊರಿನ ಜನರ ಜೊತೆಗೂ ಅವನದು ಹೆಚ್ಚು ಕಡಿಮೆ ಇದೇ ಲೆಕ್ಕ.

ಅವನ ಗೋಡೆಯ ಆಚೆಗೆ ಮದಿನಾಬಿಯ ಹಿತ್ತಲು. ಎಪ್ಪತ್ತರ ಹತ್ತಿರದ ಈ ಮುದುಕಿ ಅಲ್ಲಿ ಬೆಳೆದ ಪುದೀನ, ಕೊತ್ತಂಬರಿ, ನಿಂಬೆಹಣ್ಣು ಒಯ್ದು ಮೂಡಲಗಿಯ ಸಂತೆಯಲ್ಲಿ ಮಾರುತ್ತಿದ್ದಳು. ಮದರಂಗಿಯ ಬೇಲಿ, ಮೂಲೆಯಲ್ಲಿ ನುಗ್ಗೆ, ನಡುವೆ ಸೀತಾಫಲ, ನುಗ್ಗೆಯ ಬುಡದಲ್ಲಿ ಒಂದು ಹಳೆಯ ಹುತ್ತ. ಹುತ್ತ ಕೆಡವಬೇಕೆಂದು ಅವಳಿಗೂ ಅನ್ನಿಸಿರಲಿಲ್ಲ, ಖಾಲಿ ಮಾಡಬೇಕೆಂದು ಅದರೊಳಗಿದ್ದವರಿಗೂ ಅನ್ನಿಸಿರಲಿಲ್ಲ. ಹೋಳಿಹುಣ್ಣಿವೆ ಕಳೆದು ಬಿಸಿಲು ಚುರುಗುಟ್ಟತೊಡಗಿತೆಂದರೆ ಆ ಹಿತ್ತಲಿಗೆ ಜೀವ ಬರುತ್ತಿತ್ತು. ಒಣಗಿದ ಎಲೆಗಳಡಿಯಿಂದ ಹಾವುರಾಣಿ ಮಿರಮಿರ ಮಿಂಚುತ್ತ ಹೊರಬೀಳುತ್ತಿತ್ತು. ಮುಂಗುಸಿ ಮರಿಗಳನ್ನು ಕರೆದುಕೊಂಡು ಬೇಲಿಯುದ್ದಕ್ಕೂ ಓಡುತ್ತಿತ್ತು. ಓತಿಕ್ಯಾತ ಮಾತ್ರ ನೇರವಾಗಿ ಕಲ್ಲಪ್ಪನ ಗೋಡೆ ಹತ್ತಿ, ಕೊರಳು ಕೆಂಪಗೆ ಮಾಡಿಕೊಂಡು, ಅವನತ್ತಲೇ ನೋಡುತ್ತ ಮೇಲಕ್ಕೂ ಕೆಳಕ್ಕೂ ತಲೆ ಹಾಕುತ್ತಿತ್ತು. ಅದು ಹೆಣ್ಣು ಓತಿಯನ್ನು ಕರೆಯುವ ರೀತಿ ಎಂಬುದು ಕಲ್ಲಪ್ಪನಿಗೆ ಹೊಳೆಯಲಿಲ್ಲ. ತನ್ನನ್ನೇ ಹಂಗಿಸುತ್ತಿದೆ ಎಂದುಕೊಂಡ.

ಕೊನೆಗೆ ಅವನು ಪಂಚಾಯಿತಿಗೆ ತಕರಾರು ಕೊಟ್ಟ. ಬಾಜೂ ಹಿತ್ತಲು ಹುಳಹುಪ್ಪಡಿಯ ತವರಾಗಿದೆ, ಓಣಿಯ ಮಕ್ಕಳ ಜೀವಕ್ಕೆ ಅಪಾಯವಿದೆ, ತೆರವು ಮಾಡಿಸಬೇಕು. ಓಣಿಯ ಮಕ್ಕಳು ಇಡೀ ದಿನ ಅದೇ ಹಿತ್ತಲಲ್ಲಿ ಸೀತಾಫಲದ ಗಿಡಕ್ಕೆ ಜೋತುಬಿದ್ದಿರುತ್ತಿದ್ದರು, ಅದು ಬೇರೆ ಮಾತು. ಕಲ್ಲಪ್ಪ ಸೊಸೈಟಿಯ ಡೈರೆಕ್ಟರ್, ಹಾಗಾಗಿ ಮದಿನಾಬಿಗೆ ನೋಟೀಸು ಬಂತು. ಯುಗಾದಿಯೊಳಗೆ ಗಿಡಗಂಟಿ ತೆಗೆಯದಿದ್ದರೆ ಜೆಸಿಬಿ ಬರುತ್ತದೆ. ಮದಿನಾಬಿ ಆ ಕಾಗದವನ್ನು ಸೊಸೆ ಗುಲ್ನಾಜಳಿಂದ ಎರಡು ಸಲ ಓದಿಸಿ ಕೇಳಿದಳು, ಆಮೇಲೆ ಎಂದಿನಂತೆ ಪುದೀನಕ್ಕೆ ನೀರು ಬಿಟ್ಟಳು. ನೀರು ಮಡಿಯಿಂದ ತುಂಬಿ ಹರಿದು ಬೇಲಿ ದಾಟಿದರೂ ಅವಳಿಗೆ ತಿಳಿಯಲಿಲ್ಲ.

ಕಲ್ಲಪ್ಪನ ಚಿತ್ತ ಆಗ ಇದಕ್ಕಿಂತ ದೊಡ್ಡ ಸಂಗತಿಯ ಮೇಲಿತ್ತು. ಸೊಸೈಟಿಯ ಅಧ್ಯಕ್ಷಗಿರಿ! ಅವನ ಅಪ್ಪ ಒಂದು ಕಾಲಕ್ಕೆ ಅಧ್ಯಕ್ಷನಾಗಿದ್ದ. ತಲೆಗೆ ಪಟಗಾ ಸುತ್ತಿದ ಅಪ್ಪನ ಫೋಟೋ ಇಂದಿಗೂ ಸೊಸೈಟಿಯ ಗೋಡೆಯ ಮೇಲಿತ್ತು, ಅದರ ಬಾಜೂ ಒಂದು ಮೊಳೆ ಖಾಲಿ ಇತ್ತು. ಕಲ್ಲಪ್ಪ ಎರಡು ಸಲ ನಿಂತು ಎರಡು ಸಲವೂ ಸೋತಿದ್ದ. ಮೀಟಿಂಗಿನಲ್ಲಿ ಚಹಾ ಕುಡಿಯುವಾಗೆಲ್ಲ ಅವನ ಕಣ್ಣು ಆ ಮೊಳೆಯ ಮೇಲೇ ಇರುತ್ತಿತ್ತು. ಈ ಸಲ ಡೈರೆಕ್ಟರರಲ್ಲಿ ಅರ್ಧ ಮಂದಿ ಇವನ ಕಡೆ, ಅರ್ಧ ಮಂದಿ ಎದುರಾಳಿ ಕಾಶಿನಾಥನ ಕಡೆ. ನಡುವೆ ಉಳಿದವನು ಯಲ್ಲಪ್ಪ ಪೈಲವಾನ.

ಯಲ್ಲಪ್ಪ ಒಂದು ಕಾಲಕ್ಕೆ ಗೋಕಾಕದಿಂದ ಹುಕ್ಕೇರಿಯ ತನಕ ಯಾವ ಕಣದಲ್ಲೂ ಬೆನ್ನು ಮಣ್ಣು ಮಾಡಿಕೊಂಡವನಲ್ಲ. ಈಗ ವಯಸ್ಸಾಗಿತ್ತು, ಕಿವಿಗಳು ಒತ್ತಿ ಒತ್ತಿ ಒಣ ಅಂಜೂರದಂತಾಗಿದ್ದವು. ಯಾರ ಕಡೆ ಎಂದು ಕೇಳಿದರೆ ಅವನದು ಒಂದೇ ಉತ್ತರ. "ನಾ ಗೆಲ್ಲೋರ ಕಡೆ. ಸೋಲೋರ ಕೈ ಎತ್ತಿ ಏನ ಮಾಡ್ಲಿ?" ತಾನು ಗೆಲ್ಲುವವನೆಂದು ಇವನಿಗೆ ಹೇಗೆ ತೋರಿಸಬೇಕೆಂದು ಕಲ್ಲಪ್ಪನಿಗೆ ನಿದ್ದೆ ಬರುತ್ತಿರಲಿಲ್ಲ. ತನ್ನ ಸನ್ಮಾನಕ್ಕೆ ಬೇಕಾದೀತೆಂದು ಗೋಕಾಕದ ಪೇಟೆಯಲ್ಲಿ ಜರಿಯಂಚಿನ ಒಂದು ಶಾಲನ್ನು ತಾನೇ ಕೊಂಡು ತಂದು ತಿಜೋರಿಯಲ್ಲಿ ಇಟ್ಟಿದ್ದ. ಹೊದಿಸುವವರು ಮರೆತು ಬರಿಗೈಯಲ್ಲಿ ಬಂದರೆ ಎಂಬ ಮುಂದಾಲೋಚನೆ.

ಮೀಟಿಂಗಿಗೆ ಒಂದು ವಾರ ಇದ್ದಾಗ, ಬೆಳಗಿನ ಹೊತ್ತು, ಮಾಳಿಗೆಯ ಮೇಲೆ ಸಂಡಿಗೆ ಹಾಕುತ್ತಿದ್ದ ಪಾರವ್ವ ಕರೆದಳು.

"ಏನ್ರಿ, ಮ್ಯಾಲ ಬರ್ರಿ. ಮದಿನಾಬಿ ಅಕ್ಕನ ಹಿತ್ತಲದಾಗ ಹಾವು ಹೆಣಕೊಂಡು ಕುಣ್ಯಾಕತ್ತಾವು."

ಕಲ್ಲಪ್ಪ ಮಾಳಿಗೆಯ ಕಟ್ಟೆ ಹಿಡಿದು ಇಣುಕಿದ. ಪುದೀನದ ಮಡಿಯ ಪಕ್ಕದಲ್ಲಿ ಮನುಷ್ಯನೆತ್ತರದ ಎರಡು ಹಾವು, ಒಂದಕ್ಕೊಂದು ಜಡೆಯಂತೆ ಸುತ್ತಿಕೊಂಡು, ಸೊಂಟದೆತ್ತರ ಎದ್ದು ನಿಂತು ತೂಗಾಡುತ್ತಿದ್ದವು. ಅವನು ಎರಡು ಹೆಜ್ಜೆ ಹಿಂದೆ ಸರಿದ. ಮರುಕ್ಷಣವೇ ತಲೆಯಲ್ಲಿ ದೀಪ ಹತ್ತಿತು. ಹಾವು ಕೂಡುವಾಗ ಅವುಗಳ ಮೇಲೆ ಹೊಸ ಅರಿವೆ ಹಾಕಿ, ಆ ಅರಿವೆಯನ್ನು ತಿಜೋರಿಯಲ್ಲಿಟ್ಟರೆ ಹಿಡಿದ ಕೆಲಸ ಕೈಗೂಡುತ್ತದೆ. ಈ ಸೀಮೆಯಲ್ಲಿ ಇದನ್ನು ತಿಳಿಯದ ಕೂಸಿಲ್ಲ. ಕೋರ್ಟು ಗೆದ್ದವರಿದ್ದಾರೆ, ಎಲೆಕ್ಷನ್ನು ಗೆದ್ದವರಿದ್ದಾರೆ ಎಂದು ಎಲ್ಲರೂ ಹೇಳುತ್ತಾರೆ. ಅರಿವೆ ಹಾಕಿ ಸೋತವರು ಬಾಯಿ ಬಿಡುವುದಿಲ್ಲ.

ಶಾಲು ತೆಗೆದುಕೊಂಡ. ಯಲ್ಲಪ್ಪನಿಗೆ ಫೋನು ಮಾಡಿದ. "ಕಾಕಾ, ಇದ್ದಂಗ ಬರ್ರಿ. ನಾ ಗೆಲ್ಲೂದನ್ನ ಕಣ್ಣಿಲೆ ನೋಡೀರಂತ." ಪೈಲವಾನನ ಮನೆ ಅದೇ ಓಣಿಯಲ್ಲಿತ್ತು. ಇಬ್ಬರೂ ಮದಿನಾಬಿಯ ಬಾಗಿಲಿಗೆ ಬಂದರು.

"ಅಕ್ಕಾರ, ಬಾಗಲಾ ತಗೀರಿ," ಎಂದ ಕಲ್ಲಪ್ಪ.

"ಯಾರದು?" ಒಳಗಿನಿಂದ ಮದಿನಾಬಿಯ ದನಿ ಬಂತು.

"ನಾನ್ರಿ, ಕಲ್ಲಪ್ಪ."

"ಯಾವ ಕಲ್ಲಪ್ಪ? ನಮ್ಮ ಬಾಜೂ ಮನಿ ಕಲ್ಲಪ್ಪ ನನಗ ಅಕ್ಕಾರ ಅನ್ನಂಗಿಲ್ಲ. ಏ ಮುದಕಿ ಅಂತಾನ."

ಯಲ್ಲಪ್ಪ ಮೀಸೆಯಡಿ ನಕ್ಕ. ಮದಿನಾಬಿ ಬಾಗಿಲನ್ನು ಒಂದು ಗೇಣು ತೆರೆದು, ಅಡ್ಡ ನಿಂತು, ಕಲ್ಲಪ್ಪನ ಕೈಯಲ್ಲಿದ್ದ ಶಾಲನ್ನೂ ಅವನ ಮೋರೆಯನ್ನೂ ನೋಡಿದಳು. ಅವಳಿಗೆ ಎಲ್ಲವೂ ತಿಳಿಯಿತು.

"ಒಳಗ ಹೆಂಗ ಬರ್ತಿಯೋ? ಹುಳಾಹುಪ್ಪಡಿ ತುಂಬಿದ ಜಾಗಾ ಅಂತ ನೀನ ಬರಸಿದ್ದೆಲ್ಲ. ನಿನಗ ಏನರ ಕಡದ್ರ ಪಂಚಾಯ್ತಿಗೆ ಯಾರು ಉತ್ತರಾ ಕೊಡೋರು?"

"ಆ ನೋಟೀಸ ನಾನ ವಾಪಸ್ ತಗಸ್ತೇನ್ರಿ ಅಕ್ಕಾರ. ಒಂದ ಗಳಿಗಿ ಒಳಗ ಬಿಡ್ರಿ, ಅವು ಹೋಗಿಬಿಡ್ತಾವು."

"ಆಣಿ ಹಾಕು."

"ನಮ್ಮಪ್ಪನ ಆಣಿ."

"ಸತ್ತವರ ಆಣಿ ಭಾಳ ಸಸ್ತಾ. ಯಲ್ಲಪ್ಪಾ, ನೀ ಕೇಳಿದ್ಯೋ ಇಲ್ಲೋ?"

"ಕೇಳೀನಿ ಅಕ್ಕಾ," ಎಂದ ಪೈಲವಾನ. ಬಾಗಿಲು ತೆರೆಯಿತು.

ಹಿತ್ತಲು ದಾಟುವುದು ಕಲ್ಲಪ್ಪನಿಗೆ ಹೊಳೆ ದಾಟಿದಂತಾಯಿತು. ಕಾಲಡಿಯಿಂದ ಹಾವುರಾಣಿ ಸರಕ್ಕನೆ ಹೋಯಿತು, ಅವನು ಒಂಟಿಕಾಲಿನಲ್ಲಿ ನಿಂತ. ನುಗ್ಗೆಯಿಂದ ಏನೋ ಹೆಗಲ ಮೇಲೆ ಬಿತ್ತು, ಅದು ಹೂವೆಂದು ತಿಳಿಯುವಷ್ಟರಲ್ಲಿ ಅಪ್ಪನ ಹೆಸರು, ಕುಲದೇವರ ಹೆಸರು ಎರಡೂ ಬಾಯಿಗೆ ಬಂದಿದ್ದವು. ಹಾವುಗಳಿಗೆ ಇವನ ಕಡೆ ಲಕ್ಷ್ಯವೇ ಇರಲಿಲ್ಲ. ಒಂದು ಮೇಲೇಳುತ್ತಿತ್ತು, ಇನ್ನೊಂದು ಅದಕ್ಕಿಂತ ಮೇಲೆ ಎದ್ದು ಅದರ ತಲೆಯನ್ನು ನೆಲಕ್ಕೊತ್ತುತ್ತಿತ್ತು, ಮತ್ತೆ ಎರಡೂ ಏಳುತ್ತಿದ್ದವು.

ಕಲ್ಲಪ್ಪ ದೂರದಿಂದಲೇ ಶಾಲು ಎಸೆದ. ಅದು ಪುದೀನದ ಮೇಲೆ ಬಿತ್ತು. ಯಲ್ಲಪ್ಪ ಎತ್ತಿ ಕೊಟ್ಟ. ಎರಡನೆಯ ಸಲ ಎಸೆದಾಗ ಕಣ್ಣು ಮುಚ್ಚಿದ್ದರಿಂದ ಅದು ಯಲ್ಲಪ್ಪನ ತಲೆಯ ಮೇಲೇ ಬಿತ್ತು.

"ಕಲ್ಲಪ್ಪಾ, ಸನ್ಮಾನ ಪೈಲವಾನಗೋ, ಹಾವಿಗೋ?" ಎಂದಳು ಕಟ್ಟೆಯ ಮೇಲೆ ಕೂತಿದ್ದ ಮದಿನಾಬಿ.

ಪೈಲವಾನ ಶಾಲು ತೆಗೆದು ಕೈಗೆ ಕೊಟ್ಟು, ಕಣ್ಣನ್ನು ಹಾವುಗಳಿಂದ ಕೀಳದೆ ಮೆಲ್ಲಗೆ ಹೇಳಿದ. "ಆ ಎಡಕಿಂದು ನೋಡು. ಡಾವ ನೋಡು, ಪಟ್ಟ ನೋಡು ಅದರದು. ಕುತಗಿ ಮ್ಯಾಲ ಕುತಗಿ ಇಟ್ಟು ಒತ್ತಾಕತ್ತೈತಿ. ಬಲಕಿಂದು ದಣದೈತಿ, ಇನ್ನ ತಡಿಯಂಗಿಲ್ಲ."

ಕಲ್ಲಪ್ಪನಿಗೆ ಇದು ಪ್ರಶಂಸೆಯಂತೆ ಕೇಳಿಸಿತು. "ಹೌದ್ರಿ ಕಾಕಾ, ಏನ ಪ್ರೀತಿ, ಏನ ಪ್ರೀತಿ," ಎಂದು ಉಸಿರು ಕಟ್ಟಿ ನಾಲ್ಕು ಹೆಜ್ಜೆ ಓಡಿ ಶಾಲು ಬೀಸಿದ. ಈ ಸಲ ಅದು ಸರಿಯಾಗಿ ಹಾವುಗಳ ಮೇಲೆ ಬಿತ್ತು. ಶಾಲಿನಡಿ ಒಂದು ಗಳಿಗೆ ಕುದಿದಂತಾಯಿತು. ಆಮೇಲೆ ಒಂದು ಹಾವು ತಲೆಯೆತ್ತಿಕೊಂಡು, ಏನೂ ಅವಸರವಿಲ್ಲದೆ, ನುಗ್ಗೆಯ ಬುಡದ ಹುತ್ತದ ಕಡೆಗೆ ಹೊರಟಿತು. ಇನ್ನೊಂದು ದಿಕ್ಕು ತಪ್ಪಿದಂತೆ ಓಡಿ ಗೋಡೆಯ ಬುಡಕ್ಕೆ ಹೋಯಿತು. ಅಲ್ಲಿ ಕಲ್ಲಪ್ಪನ ಬಚ್ಚಲ ನೀರು ಹೊರಬರುವ ಮೋರಿಯ ಕಿಂಡಿ ಇತ್ತು. ಯಲ್ಲಪ್ಪ ನೋಡಿದ, ಮದಿನಾಬಿ ನೋಡಿದಳು. ಕಲ್ಲಪ್ಪ ಮಾತ್ರ ಶಾಲು ಬಾಚಿ ಎದೆಗವಚಿಕೊಂಡು ಆಗಲೇ ಬಾಗಿಲು ದಾಟಿದ್ದ.

ಪೈಲವಾನ ಅವನ ಹಿಂದೆಯೇ ಬಂದು, "ಕಲ್ಲಪ್ಪಾ, ಒಂದ ಮಾತು. ಅವು ಹಂಗ ಹೆಣಕೊಂಡಿದ್ದು..." ಎಂದು ಸುರುಮಾಡಿದ.

"ಮಾತು ಈಗ್ಯಾಕ್ರಿ ಕಾಕಾ? ಕರದಂಟು ತಿನ್ರಿ," ಎಂದು ಕಲ್ಲಪ್ಪ ಅವನ ಕೈಗೆ ಪೊಟ್ಟಣ ಕೊಟ್ಟ. ಯಲ್ಲಪ್ಪ ಕರದಂಟು ಕಿಸೆಗೆ ಹಾಕಿಕೊಂಡು ಮನೆಯ ಕಡೆ ನಡೆದ.

ಆ ದಿನ ಕಲ್ಲಪ್ಪ ಚಹಾದಂಗಡಿಯಲ್ಲಿ ಹೇಳಿದ, ಗಿರಣಿಯಲ್ಲಿ ಹೇಳಿದ, ಬಸ್ ಸ್ಟ್ಯಾಂಡಿನಲ್ಲಿ ಗುರುತಿಲ್ಲದವರಿಗೂ ಹೇಳಿದ. ಒಂದು ನಾಗರ, ಒಂದು ಕೇರೆ, ತಾನು ಕೈಯಳತೆಯಲ್ಲಿ ನಿಂತು ಶಾಲು ಹೊದಿಸಿದೆ, ನಾಗಪ್ಪ ತನ್ನ ಕಡೆ ನೋಡಿ ತಲೆದೂಗಿದ. "ಇನ್ನ ನಾಗಪ್ಪ ನಮ್ಮ ಮನಿ ದೇವರಿದ್ದಂಗ. ಯಾರರ ಹಾವಿಗೆ ಕೈ ಮಾಡಿದ್ರ ನಾ ಸುಮ್ಮನ ಬಿಡಾಂವಲ್ಲ," ಎಂದೂ ಸೇರಿಸಿದ. ಮಾತಿಗೆ ಬ್ರೇಕು ಎಂಬುದು ಅವನ ಗಾಡಿಯಲ್ಲೇ ಇರಲಿಲ್ಲ.

ಮನೆಗೆ ಬಂದು ಮಾಡಿದ ಕೆಲಸ ಎರಡು. ಮೊದಲನೆಯದು, ಇನ್ನು ಆ ಕಡೆಯಿಂದ ಏನೂ ಬರಬಾರದೆಂದು ಗೌಂಡಿಯನ್ನು ಕರೆಸಿ ಮೋರಿಯ ಕಿಂಡಿಗೆ ಕೈಬೆರಳೂ ತೂರದಂತೆ ಜಾಳಿಗೆ ಕೂರಿಸಿ ಸಿಮೆಂಟು ಹಾಕಿಸಿದ. ಎರಡನೆಯದು, ಜೆಸಿಬಿಯ ಲಖನನಿಗೆ ಫೋನು ಮಾಡಿ, ಯುಗಾದಿಯ ತನಕ ಯಾಕೆ ಕಾಯುವುದು, ಮೀಟಿಂಗಿನ ದಿನವೇ ಬಂದುಬಿಡು ಎಂದ.

ಪಾರವ್ವನಿಗೆ ಸಿಟ್ಟು ಬಂತು. "ಅಕ್ಕಗ ಆಣಿ ಹಾಕಿ ಬಂದೀರಿ ಅಂತಲ್ರಿ."

"ಆಣಿ ಹಾಕಿದ್ದು ಒಳಗ ಹೋಗಾಕ. ಹೋಗಿ ಬಂದಾತಲ್ಲ."

"ಕರಿಬೇವು, ನಿಂಬಿಹಣ್ಣು, ಹಬ್ಬಕ್ಕ ಮದರಂಗಿ, ಎಲ್ಲಾ ಆ ಹಿತ್ತಲದಿಂದ ನಮ್ಮನಿಗೆ ಬರ್ತೈತಿ. ನಿಮ್ಮ ಟೈಲ್ಸಿನ ಮ್ಯಾಲ ಏನ ಬೆಳಿತೈತಿ?"

ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿತು. ಈ ಸಲ ಕಲ್ಲಪ್ಪ ನೆಲ ಬಡಿಯಲಿಲ್ಲ.

ಮರುದಿನ ಮಧ್ಯಾಹ್ನ ಅವನು ತನ್ನ ಕಡೆಯ ಡೈರೆಕ್ಟರರನ್ನು ಊಟಕ್ಕೆ ಕರೆದಿದ್ದ. ಊಟವಾದ ಮೇಲೆ ಶಾಲು ತೋರಿಸುತ್ತೇನೆಂದು ಒಳಕೋಣೆಯ ಬಾಗಿಲು ತೆರೆದ. ತಿಜೋರಿಯ ಮೇಲೆ, ಈ ಅಂಚಿನಿಂದ ಆ ಅಂಚಿನ ತನಕ, ಹಾವು ಮೈಚಾಚಿ ಮಲಗಿತ್ತು. ನಡುವೆ ಹೊಟ್ಟೆ ಸ್ವಲ್ಪ ಉಬ್ಬಿತ್ತು. ಜೋಳದ ಚೀಲಗಳ ಹಿಂದೆ ಇಲಿಗಳಿದ್ದದ್ದು ಕಲ್ಲಪ್ಪನಿಗಿಂತ ಮೊದಲು ಅದಕ್ಕೆ ಗೊತ್ತಾಗಿತ್ತು.

ಕಲ್ಲಪ್ಪ ಕೂಗಿದ ಕೂಗಿಗೆ ಓಣಿಯೇ ಬಂತು. ಅವನು ಹೊರಗೆ ಹಾರಿ ಬಂದು ಕಟ್ಟೆಯ ಮೇಲೆ ನಿಂತು "ಬಡೀರಿ, ಬಡೀರಿ" ಎನ್ನುವಷ್ಟರಲ್ಲಿ, ಎದುರು ಮನೆಯ ಲಗಮವ್ವ ಕೈಮುಗಿದು ಒಳಗೆ ಇಣುಕಿ ಹೇಳಿದಳು. "ಅರಿವಿ ಹುಡಿಕ್ಯೋತ ಬಂದಾನ ನೋಡ್ರಿ ನಾಗಪ್ಪ. ತಿಜೋರಿ ಕಾಯಾಕತ್ತಾನ. ನಿನ್ನ ಪುಣ್ಯಾ ದೊಡ್ಡದೋ ತಮ್ಮಾ." ಹೆಂಗಸರು ಹಾಲು ತಂದರು, ಅರಿಷಿಣ ತಂದರು. ಹಾವು ಹಾಲಿನ ಕಡೆ ನೋಡಲೂ ಇಲ್ಲ. ಕಲ್ಲಪ್ಪನ ಬಾಯಲ್ಲಿದ್ದ "ಬಡೀರಿ" ಎಂಬ ಮಾತು ಬಾಯಲ್ಲೇ ಉಳಿಯಿತು. ಹಾವಿಗೆ ಕೈ ಮಾಡಿದವರನ್ನು ಸುಮ್ಮನೆ ಬಿಡುವುದಿಲ್ಲ ಎಂದವನು ಅವನೇ. ಹಾವು ಹಿಡಿಯುವವರನ್ನು ಕರೆಸೋಣವೆಂದರೆ, ಮನೆಗೆ ಬಂದ ಲಕ್ಷ್ಮಿಯನ್ನು ಯಾರಾದರೂ ಚೀಲದಲ್ಲಿ ಕಟ್ಟಿ ಕಳಿಸುತ್ತಾರೆಯೇ ಎಂದು ಅವನ ಕಡೆಯ ಡೈರೆಕ್ಟರರೇ ಗದರಿದರು. ಹಾವು ತಾನಾಗಿ ಹೋಗಲೆಂದರೆ ಹೋಗಲು ದಾರಿ ಇರಲಿಲ್ಲ. ಇಡೀ ಮನೆಯಲ್ಲಿ ಕೋಣೆಯಿಂದ ಹಿತ್ತಲಿಗೆ ಇದ್ದ ಒಂದೇ ಒಂದು ಕಿಂಡಿಗೆ ಅವನೇ ಸಿಮೆಂಟು ಹಾಕಿಸಿದ್ದ. ಮುಂದಿನ ಬಾಗಿಲಲ್ಲಿ ಭಕ್ತರು ನಿಂತಿದ್ದರು.

ಇರಲಾರದೆ ಇರುವೆ ಬಿಟ್ಟುಕೊಂಡರು ಅನ್ನುತ್ತಾರೆ. ಕಲ್ಲಪ್ಪ ದೊಡ್ಡ ಮನುಷ್ಯ, ಹಾವನ್ನೇ ಬಿಟ್ಟುಕೊಂಡಿದ್ದ.

ಪಾರವ್ವ ಚೀಲ ತುಂಬಿಕೊಂಡು ಹುಕ್ಕೇರಿಯ ತವರಿಗೆ ಹೊರಟಳು. "ಅಧ್ಯಕ್ಷರಾದ ಮ್ಯಾಲ ಫೋನ್ ಮಾಡ್ರಿ. ಅಲ್ಲೀತನಕ ನೀವು ನಿಮ್ಮ ನಾಗಪ್ಪ ಇಬ್ಬರ ಇರ್ರಿ," ಎಂದು ಬಸ್ಸು ಹತ್ತಿದಳು. ಕಲ್ಲಪ್ಪನ ಸಂಸಾರ ಹೊರಗಿನ ಕಟ್ಟೆಗೆ ಬಂತು. ಅವನ ಬಟ್ಟೆಗಳೆಲ್ಲ ಒಳಕೋಣೆಯಲ್ಲಿದ್ದವು, ಬಚ್ಚಲು ಅದರ ಪಕ್ಕದಲ್ಲಿತ್ತು. ಸ್ವಚ್ಛತೆಯ ಮನುಷ್ಯ ಅದೇ ಅಂಗಿಯಲ್ಲಿ, ಸ್ನಾನವಿಲ್ಲದ ಮೈಯಲ್ಲಿ ಮನೆಮನೆಗೆ ಹೋಗಿ "ನನ್ನ ಗೆಲುವು ಖಾತ್ರಿ" ಎನ್ನುತ್ತಿದ್ದ. ಜನ ಎರಡು ಹೆಜ್ಜೆ ದೂರ ನಿಂತು ಹೌದೌದು ಎನ್ನುತ್ತಿದ್ದರು. ಕಟ್ಟೆಯ ಮೇಲೆ ಒಬ್ಬನೇ ಕೂತಾಗ ಅವನಿಗೆ ಅಳು ಬರುವಂತಾಗುತ್ತಿತ್ತು. ಆಗ ಆ ಖಾಲಿ ಮೊಳೆಯನ್ನು ನೆನೆಸಿಕೊಂಡು ಧೈರ್ಯ ತಂದುಕೊಳ್ಳುತ್ತಿದ್ದ. ಗೋಡೆಯ ಮೇಲಿನ ಓತಿಕ್ಯಾತ ದಿನವೂ ಬಂದು ತಲೆ ಹಾಕಿ ಹೋಗುತ್ತಿತ್ತು.

ಮೀಟಿಂಗಿನ ದಿನ ಬಂತು. ಕೈ ಎತ್ತಿ ಆರಿಸುವುದು ಅಲ್ಲಿನ ಪದ್ಧತಿ. ಎರಡೂ ಕಡೆ ಸರಿಸಮ ಆಯಿತು. ಎಲ್ಲರೂ ಯಲ್ಲಪ್ಪನ ಕಡೆ ತಿರುಗಿದರು. ಅವನು ಎದ್ದು ಧೋತರ ಸರಿಮಾಡಿಕೊಂಡ.

"ನನಗ ಕಲ್ಲಪ್ಪನ ಮ್ಯಾಲ ಸಿಟ್ಟಿಲ್ಲ," ಎಂದ. "ಆದ್ರ ನಾ ನಲವತ್ತು ವರ್ಷ ಮಣ್ಣಾಗ ಹೊಳ್ಯಾಡಿದಾಂವ. ಗಂಡ-ಹೆಣ್ಣು ಕೂಡಿದ್ದು ಯಾವುದು, ಕುಸ್ತಿ ಹಿಡದದ್ದು ಯಾವುದು ನನಗ ತಿಳಿತೈತಿ. ಆ ದಿನಾ ಹಿತ್ತಲದಾಗ ನಡದದ್ದು ಕುಸ್ತಿ. ಎರಡೂ ಗಂಡ. ಒಂದು ಒತ್ತಿತು, ಒಂದು ಚಿತ್ ಆತು. ಗೆದ್ದದ್ದು ತಲಿ ಎತ್ತಿ ಹುತ್ತಕ್ಕ ಹೋತು. ಸೋತದ್ದು ಮಾರಿ ಮುಚಗೊಂಡು ಮೋರಿ ಹೊಕ್ಕೈತಿ. ಅದು ಈಗ ಯಾರ ತಿಜೋರಿ ಮ್ಯಾಲ ಐತಿ ಅಂತ ಊರಿಗೆಲ್ಲಾ ಗೊತ್ತು."

ಸೊಸೈಟಿಯ ಕೋಣೆಯಲ್ಲಿ ಯಾರೋ ಕೆಮ್ಮಿದರು. ಕಲ್ಲಪ್ಪನ ಕಡೆಯವನೊಬ್ಬ ನಗು ತಡೆಯಲಾರದೆ ಚಹಾದ ಕಪ್ಪನ್ನು ಬಾಯಿಗೆ ಅಡ್ಡ ಹಿಡಿದ.

"ಆ ದಿನಾನ ಹೇಳಾಕ ಬಂದ್ನಿ. ಬಾಯಿಗೆ ಕರದಂಟು ಕೊಟ್ಟಾ. ಹೇಳ್ರಿ, ಸೋತ ಪೈಲವಾನನ್ನ ಮನ್ಯಾಗ ಇಟಗೊಂಡಾವನ ಕೈ ನಾ ಹೆಂಗ ಎತ್ತಲಿ? ಮತ್ತ ಇನ್ನೊಂದು. ಅಪ್ಪನ ಆಣಿ ಹಾಕಿ ಒಳಗ ಹೋಗಿ ಬಂದಾಂವ, ಜೆಸಿಬಿಗೆ ಫೋನ ಹಚ್ಚ್ಯಾನ, ಲಖನಾನ ಹೇಳ್ದಾ. ಆ ಆಣಿಗೆ ಸಾಕ್ಷಿ ನಾ ಇದ್ನಿ. ಪೈಲವಾನಗ ಮಾತ ಕೊಟ್ಟು ತಪ್ಪಿದ್ರ ಕಣದಾಗ ಇಳಿಸಿಕೊಳ್ಳಂಗಿಲ್ಲ."

ಅವನು ಕಾಶಿನಾಥನ ಕೈ ಎತ್ತಿದ. ಅಪ್ಪನ ಫೋಟೋ ಗೋಡೆಯ ಮೇಲಿಂದ ನೋಡುತ್ತಿತ್ತು. ಕಲ್ಲಪ್ಪನಿಗೆ ಅದರ ಕಡೆ ಕಣ್ಣೆತ್ತುವುದಾಗಲಿಲ್ಲ. ಮೊಳೆಯ ಕಡೆಗೂ ಆಗಲಿಲ್ಲ.

ಓಣಿಗೆ ಬಂದರೆ ಮದಿನಾಬಿಯ ಬಾಗಿಲಲ್ಲಿ ಹಳದಿ ಜೆಸಿಬಿ ನಿಂತಿತ್ತು. ಜನ ಸೇರಿದ್ದರು. ಸೋತ ಸುದ್ದಿ ಅವನಿಗಿಂತ ಮೊದಲೇ ಬಂದಿತ್ತು. ಮದಿನಾಬಿ ಹೊಸ್ತಿಲ ಮೇಲೆ ಕೂತಿದ್ದಳು, ಮಡಿಲಲ್ಲಿ ಕಿತ್ತ ಪುದೀನದ ಕಟ್ಟು.

"ಎಲ್ಲಿಂದ ಸುರು ಮಾಡ್ಲಿ ಕಾಕಾ?" ಎಂದು ಲಖನ ಮೇಲಿನಿಂದ ಕಲ್ಲಪ್ಪನನ್ನು ಕೇಳಿದ.

"ನುಗ್ಗಿ ಗಿಡದ ಬುಡದಿಂದ ಸುರು ಮಾಡಪ್ಪ," ಎಂದಳು ಮದಿನಾಬಿ, ಕಲ್ಲಪ್ಪನನ್ನು ನೋಡುತ್ತ. "ಅಲ್ಲಿ ಹುತ್ತ ಐತಿ. ಗೆದ್ದಾಂವ ಅದರಾಗ ಅದಾನ. ಬೇಲಿ ಸಂದ್ಯಾಗ ಮುಂಗಸಿ, ಕಲ್ಲಿನ ಕೆಳಗ ಚೇಳು, ಕಸದಾಗ ಹಾವುರಾಣಿ, ಅದಾವು ಮನಿ ತುಂಬ. ಎಲ್ಲಾ ತಗಿ. ಆದ್ರ ಕಲ್ಲಪ್ಪಾ, ಒಂದ ಮಾತು ಕೇಳ್ತೇನಿ. ಜಾಗಾ ಬಿಡ ಅಂದ್ರ ಅವು ಎಲ್ಲಿಗೆ ಹೋಗಬೇಕು? ಮೂಡಲಗಿಗೆ ಬಸ್ ಹತ್ತಂಗಿಲ್ಲ. ಹತ್ತಿರ ಇರೂದು ನಿನ್ನ ಗ್ವಾಡಿ. ಒಂದ ಬಂದದ್ದಕ್ಕ ನಿನ್ನ ಹೇಣ್ತಿ ಹುಕ್ಕೇರಿಗೆ ಹೋದ್ಳು. ಉಳಿದವು ಬಂದ್ರ ನೀ ಯಾವ ಊರಿಗೆ ಹೋಗ್ತಿ?"

ಲಖನ ಎಂಜಿನ್ನು ಸುರು ಮಾಡಿದ. ಆ ಸದ್ದಿಗೆ ಬೇಲಿಯಲ್ಲಿ ಏನೋ ಸರಸರ ಎಂದಿತು, ಒಂದಲ್ಲ, ಹಲವು. ಸದ್ದು ಹೋದದ್ದು ಕಲ್ಲಪ್ಪನ ಗೋಡೆಯ ದಿಕ್ಕಿಗೆ.

"ಲಖನಾ, ನಿಲ್ಸೋ," ಎಂದು ಅವನು ಎರಡೂ ಕೈ ಎತ್ತಿ ಜೆಸಿಬಿಯ ಮುಂದೆ ನಿಂತ. ಆ ದಿನ ಅವನಿಗೆ ಹೆಚ್ಚುವರಿಯಾಗಿ ಎದ್ದ ಕೈಗಳು ಅವೆರಡೇ. "ತಿರಗಸು. ಈ ಕಡೆ ಬಾ. ನಮ್ಮ ಮನಿ ಕಡೆ."

ಹಾವು ಹೊರಗೆ ಹೋಗಬೇಕಾದರೆ ಕಿಂಡಿ ತೆರೆಯಬೇಕಿತ್ತು. ಗೌಂಡಿ ಹಾಕಿದ ಸಿಮೆಂಟು ಗಟ್ಟಿಯಾಗಿತ್ತು, ಹಾರೆಗೆ ಬಗ್ಗಲಿಲ್ಲ. ಮದಿನಾಬಿಯ ಹಿತ್ತಲಿಗೆಂದು ಕರೆಸಿದ ಯಂತ್ರ ಕಲ್ಲಪ್ಪನ ಅಂಗಳಕ್ಕೆ ಬಂದು, ಟೈಲ್ಸು ಒಡೆದು ಎಬ್ಬಿಸಿ, ಗೋಡೆಯ ಬುಡದಲ್ಲಿ ಒಬ್ಬ ಮನುಷ್ಯ ಬಗ್ಗಿ ದಾಟುವಷ್ಟು ಬಾಯಿ ತೆಗೆಯಿತು. ಕಾಂಕ್ರೀಟಿನ ಕೆಳಗಿನಿಂದ ಎಷ್ಟೋ ವರ್ಷದಿಂದ ಬಿಸಿಲು ಕಾಣದ ಕರಿಮಣ್ಣು ಹೊರಬಂತು, ಅದರ ಜೊತೆ ಬೇವಿನ ಬೊಡ್ಡೆಯ ಒಂದು ತುಂಡು. ಜನರೆಲ್ಲ ದೂರ ಸರಿದರು. ಒಳಕೋಣೆಯ ಬಾಗಿಲು ತೆರೆದಿಟ್ಟು ಸದ್ದಿಲ್ಲದೆ ಕಾದರು. ಸಾಕಷ್ಟು ಹೊತ್ತಿನ ಮೇಲೆ ಹಾವು ಹೊಸ್ತಿಲಿಗೆ ಬಂತು. ಟೈಲ್ಸಿನ ಮೇಲೆ ಜಾರಿ ಜಾರಿ ಹೊರಳಿತು, ಮಣ್ಣು ಸಿಕ್ಕ ಕೂಡಲೇ ನೆಟ್ಟಗಾಗಿ, ಗೋಡೆಯ ಬಾಯಿ ದಾಟಿ ಪುದೀನದಲ್ಲಿ ಮರೆಯಾಯಿತು.

"ಸೋತ್ರೂ ತಿರುಗಿ ಕಣಕ್ಕ ಹೋತು," ಎಂದ ಯಲ್ಲಪ್ಪ. ಅದು ಯಾರಿಗೆ ಹೇಳಿದ್ದೆಂದು ಕಲ್ಲಪ್ಪ ಕೇಳಲಿಲ್ಲ.

ಪಾರವ್ವನಿಗೆ ಫೋನು ಮಾಡಿದ.

"ಅಧ್ಯಕ್ಷರಾದ್ರೇನ್ರಿ?"

"ಇಲ್ಲ."

"ಹಾವು?"

"ಹೋತು."

"ಹಂಗಾರ ನಾಳೆ ಬರ್ತೇನಿ. ಗ್ವಾಡಿ ಒಡದೈತಿ ಅಂತ ಗುಲ್ನಾಜ ಹೇಳಿದ್ಳು. ಅದನ್ನ ಮುಚ್ಚಬ್ಯಾಡ್ರಿ. ಕರಿಬೇವು ತರಾಕ ಸುತ್ತ ಹಾಕೂದು ತಪ್ಪತೈತಿ."

ತಿಜೋರಿಯಲ್ಲಿದ್ದ ಶಾಲನ್ನು ಕಲ್ಲಪ್ಪ ಎರಡು ಬೆರಳಿನಲ್ಲಿ ಹಿಡಿದು ತಂದು, ಗೋಡೆಯ ಬಾಯಿಯಿಂದ ಆಚೆ ಚಾಚಿದ. "ಇದನ್ನ ಏನರ ಮಾಡಿಬಿಡ್ರಿ ಅಕ್ಕಾರ. ನನ್ನ ಕಣ್ಣಮುಂದ ಬ್ಯಾಡ," ಎಂದ. ಎಲೆಕ್ಷನ್ನು ಮುಗಿದಿದ್ದರೂ "ರಿ" ಬಾಯಲ್ಲಿ ಉಳಿದಿತ್ತು. ಮದಿನಾಬಿ ಅದನ್ನು ಝಾಡಿಸಿ ನೋಡಿದಳು. ಅರಿವೆ ಚೆನ್ನಾಗಿತ್ತು. ಬಿಸಿಲು ಹೆಚ್ಚಾಗಿ ಪುದೀನ ಬಾಡುತ್ತಿತ್ತು, ನಾಲ್ಕು ಕೋಲು ನೆಟ್ಟು ಶಾಲನ್ನು ಮಡಿಯ ಮೇಲೆ ನೆರಳಿಗೆ ಕಟ್ಟಿದಳು.

ಮರುದಿನ ಸೊಸೈಟಿಯಿಂದ ಮಂದಿ ಬಂದರು. ಹೊಸ ಅಧ್ಯಕ್ಷರ ಸನ್ಮಾನಕ್ಕೆ ತಂದ ಶಾಲು ಗಿಡ್ಡದಾಗಿದೆ, ನಿನ್ನ ಹತ್ತಿರ ಜರಿಯಂಚಿನ ಹೊಸದೊಂದು ಇದೆಯಂತಲ್ಲ, ಕೊಡು ಎಂದರು. ಕಲ್ಲಪ್ಪ ಗೋಡೆಯ ಬಾಯಿಯ ಕಡೆ ಕೈ ತೋರಿಸಿದ. ಶಾಲಿನ ನಟ್ಟನಡುವೆ ಓತಿಕ್ಯಾತ ಕೂತಿತ್ತು, ಕೊರಳು ಕೆಂಪಗೆ ಮಾಡಿಕೊಂಡು, ಬಂದವರಿಗೆಲ್ಲ ತಲೆ ಹಾಕುತ್ತಿತ್ತು.